ಮಗಳಿಗೊಂದು ಪತ್ರ: ಹನ್ನೆರಡನೇ ದೃಶ್ಯದ ಆ ಎರಡು ಸೆಕೆಂಡು

ಪುಟ್ಟಿ,

ನಿನ್ನೆ ಫೋನಿನಲ್ಲಿ ದನಿ ಏರಿಸಬಾರದಿತ್ತು, ತಪ್ಪಾಯ್ತು. ಸೋಮವಾರ ತನ್ನ ಸಿನಿಮಾದ ಶೂಟಿಂಗ್ ಇಟ್ಟುಕೊಂಡವಳಿಗೆ "ಗೇ ಜನರನ್ನು ಗೇಲಿ ಮಾಡುತ್ತೆ, ಆ ದೃಶ್ಯ ಕಿತ್ತುಹಾಕು" ಅಂದರೆ ಕೋಪ ಬರದೇ ಇರುತ್ತಾ? ಹೇಳಬೇಕಾದ್ದನ್ನು ಈಗ ಸಮಾಧಾನವಾಗಿ ಬರೀತೀನಿ.

ನಿನ್ನ ಹನ್ನೆರಡನೇ ದೃಶ್ಯ ಹೀಗಿದೆ: ಹಾಸ್ಟೆಲ್ ರೂಮು, ಕರೆಂಟ್ ಹೋಗಿದೆ. ಗೆಳೆಯರಿಬ್ಬರು ಎಡವಿ ಒಬ್ಬರ ಮೇಲೊಬ್ಬರು ಬೀಳುವ ಹೊತ್ತಿಗೆ ದೀಪ ಬರುತ್ತೆ, ಬಾಗಿಲಲ್ಲಿ ವಾರ್ಡನ್. ಇಷ್ಟಕ್ಕೇ ಜನ ನಗುತ್ತಾರೆ, ಯಾಕಂದರೆ ಸಿಕ್ಕಿಬಿದ್ದವರ ಪೇಚು ಎಲ್ಲರಿಗೂ ಗೊತ್ತು. ನೀನು ಅಲ್ಲಿಗೆ ಬಿಟ್ಟಿಲ್ಲ. ಇಬ್ಬರೂ "ಛೀ" ಅಂತ ಮೈ ಒರೆಸಿಕೊಳ್ಳುತ್ತಾರೆ, ವಾರ್ಡನ್ ಮುಖ ಹಿಂಡಿದ ಕ್ಲೋಸಪ್, ಹಿನ್ನೆಲೆಯಲ್ಲೊಂದು "ಟೊಂಯ್". ಆ ಕ್ಲೋಸಪ್ ಎರಡು ಸೆಕೆಂಡು, 48 ಫ್ರೇಮು. ಅಷ್ಟರಲ್ಲಿ ಪೇಚಿಗೆ ನಗುತ್ತಿದ್ದವರು ಹೇಸಿಗೆಗೆ ನಗತೊಡಗುತ್ತಾರೆ.

"ಗೇ ಪಾತ್ರವೇ ಇಲ್ಲದ ದೃಶ್ಯಕ್ಕೆ ಯಾಕಪ್ಪಾ ಇಷ್ಟು ರಂಪ" ಅಂದೆ. ಪಾತ್ರ ತೆರೆಯ ಮೇಲಿಲ್ಲ ಕಣೇ, ಕುರ್ಚಿಯಲ್ಲಿ ಕೂತಿರುತ್ತೆ. ಯಾರಿಗೂ ಹೇಳಿಕೊಳ್ಳದ ಹುಡುಗನೊಬ್ಬ ಕತ್ತಲಲ್ಲಿ ಕೂತು, ಪಕ್ಕದ ಗೆಳೆಯ ಎಲ್ಲಿ ನಕ್ಕ ಅಂತ ಕಿವಿಗೊಟ್ಟಿರುತ್ತಾನೆ. "ಛೀ"ಗೆ ನಕ್ಕರೆ ಅವನು ಇನ್ನು ಬಾಯಿ ಬಿಡಲ್ಲ. ನನಗಿರುವ ಭಯ ಅದೊಂದೇ.

ಈ ಚಾಳಿ ಹಳೆಯದು. ಹಾಲಿವುಡ್‌ನಲ್ಲಿ 1934ರಿಂದ ಬಿಗಿಯಾಗಿ ಜಾರಿಯಾದ ನಿರ್ಮಾಣ ಸಂಹಿತೆ, ಅಂದರೆ ತೆರೆಯ ಮೇಲೆ ಏನು ತೋರಿಸಬಹುದು ಅನ್ನೋ ನಿಯಮಾವಳಿ, ಸಲಿಂಗಪ್ರೇಮವನ್ನು ತೋರಿಸಲು ಬಿಡುತ್ತಿರಲಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ನಡಿಗೆ, ದನಿ, ಮಣಿಕಟ್ಟಿನ ಬಳುಕಿನಲ್ಲಿ ಸೂಚಿಸಿದರು. 1968ರಲ್ಲಿ ಸಂಹಿತೆ ಹೋಯಿತು, ಮಣಿಕಟ್ಟು ಉಳಿಯಿತು. 1984ರ 'ರಿವೆಂಜ್ ಆಫ್ ದ ನರ್ಡ್ಸ್' ನೋಡು. ಲಮಾರ್ ಅನ್ನೋ ಗೇ ಹುಡುಗ ಕಾಲೇಜಿನ ಪುಸ್ತಕದ ಹುಳುಗಳ ಗುಂಪಿನಲ್ಲಿ ಸರಿಸಮಾನ, ಯಾರೂ ಅವನನ್ನು ದೂರ ಇಡಲ್ಲ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಅವನು ಭರ್ಜಿ ಎಸೆತದಲ್ಲಿ ಗೆಲ್ಲೋದು, ಬಳುಕುವ ಮಣಿಕಟ್ಟಿಗೆಂದೇ ಗೆಳೆಯರು ಮಾಡಿಕೊಟ್ಟ ಭರ್ಜಿಯಿಂದ. ಗೆಲುವೂ ಅದೇ, ಗೇಲಿಯೂ ಅದೇ. 2012ರ 'ಸ್ಟೂಡೆಂಟ್ ಆಫ್ ದ ಇಯರ್'ನಲ್ಲಿ ರಿಷಿ ಕಪೂರ್‌ರಂಥ ನಟ ಡೀನ್ ಪಾತ್ರ ಮಾಡಿದರೂ, ಕೋಚ್ ಕಡೆ ಆಸೆಗಣ್ಣು ಹಾಯಿಸುವುದರಲ್ಲೇ ನಗು ಹುಡುಕಿದ್ದಾರೆ.

ನಿನ್ನ ಚಿತ್ರದ ಗೇ ಸೀನಿಯರ್ ಹುಡುಗನ ಪಾತ್ರಕ್ಕೂ ಇದೇ ಅಪಾಯ ಇದೆ. ಬಳುಕಬಾರದು ಅಂತಲ್ಲ, ಬಳುಕುವ ಗಂಡಸರು ಇದ್ದಾರೆ, ಇರಲಿ. ಬಳುಕಿದ್ದೇ ಪಂಚ್ ಆಗಬಾರದು. ಮೊದಲ ದೃಶ್ಯದಲ್ಲೇ ಅವನಿಗೆ ಹೀರೋಗೆ ಸಂಬಂಧವಿಲ್ಲದ ತನ್ನದೇ ಒಂದು ಗರಜು ಕೊಡು, ಅಟೆಂಡೆನ್ಸ್ ಸಾಲದು, ಒಂದು ಪೇಪರ್ ಬಾಕಿ, ಏನಾದರೂ. ಹೀರೋ ಜೊತೆ ಒಂದೇ ಫ್ರೇಮಿನಲ್ಲಿ ನಿಲ್ಲಿಸು, ಹೀರೋ ಹಿಂದೆ ಸರಿಯಬಾರದು. ರಿಹರ್ಸಲ್‌ನಲ್ಲಿ ನಟರು ಅಭ್ಯಾಸಬಲದಿಂದ ಒಂದು ಹೆಜ್ಜೆ ಸರಿಯುತ್ತಾರೆ, ನೆಲದ ಮೇಲೆ ಟೇಪ್ ಅಂಟಿಸಿ ಜಾಗ ಗುರುತು ಮಾಡು. ಡಬ್ಬಿಂಗ್‌ನಲ್ಲಿ ದನಿ ಕೀರಲು ಮಾಡಲು ಬಿಡಬೇಡ. ರಫ್ ಕಟ್ ಆದಮೇಲೆ ಹಿನ್ನೆಲೆ ಸಂಗೀತ ತೆಗೆದು ಅವನ ದೃಶ್ಯಗಳನ್ನು ನೋಡು. ಸದ್ದಿಲ್ಲದೆ ನಗು ಬರದಿದ್ದರೆ ಅಲ್ಲಿ ಜೋಕ್ ಇರಲೇ ಇಲ್ಲ.

ಸಿನಿಮಾ, ಟಿವಿಯಲ್ಲಿ ಗೇ ಮೊದಲಾದವರನ್ನು ಹೇಗೆ ತೋರಿಸುತ್ತಾರೆ ಅಂತ ಗಮನಿಸುವ ಅಮೆರಿಕದ ಗ್ಲ್ಯಾಡ್ ಸಂಸ್ಥೆ 2013ರಲ್ಲಿ ಚಿತ್ರ ಇತಿಹಾಸಕಾರ ವೀಟೊ ರುಸೊ ಹೆಸರಿನಲ್ಲೊಂದು ಪರೀಕ್ಷೆ ಇಟ್ಟಿತು. ಅಂಥ ಪಾತ್ರ ಇದೆಯಾ, ಅದೊಂದೇ ಅದರ ಗುರುತಾ, ತೆಗೆದುಹಾಕಿದರೆ ಕಥೆಗೆ ಪೆಟ್ಟು ಬೀಳುತ್ತಾ? ನಿನ್ನ ಸೀನಿಯರನ್ನು ತೆಗೆದು ಓದಿದೆ, ಕಥೆ ಅಲುಗಾಡಲಿಲ್ಲ. ಕ್ಲೈಮ್ಯಾಕ್ಸ್‌ನಲ್ಲಿ ಕೀ ಕದಿಯೋ ಉಪಾಯ ಅವನದಾಗಲಿ.

ಮತ್ತೆ ಪಾಠ ಶುರು ಮಾಡಿಬಿಟ್ಟೆ. ಒಂಬತ್ತನೇ ದೃಶ್ಯದ ಮೆಸ್ ಬಿಲ್ ಜಗಳ ಎಷ್ಟು ಚೆನ್ನಾಗಿ ಬರೆದಿದ್ದೀಯ! ಯಾರನ್ನೂ ತುಳಿಯದೆ ಅಷ್ಟು ನಗಿಸುವ ಕೈ ನಿನ್ನದು, ಅದಕ್ಕೇ ನನಗೆ ಇಷ್ಟು ಹಟ.

ವಾರ್ಡನ್ ಬರಲಿ. "ಫ್ಯೂಸ್ ಹಾಕಿದ್ದೀನಿ, ಎದ್ದೇಳಿ" ಅಂತ ಹೇಳಿ ಹೋಗಲಿ. ಆ ಕ್ಲೋಸಪ್ ಮಾತ್ರ ಶೂಟ್ ಮಾಡಲೇಬೇಡ. ಎಡಿಟಿಂಗ್‌ನಲ್ಲಿ ನೋಡೋಣ ಅಂತ ತೆಗೆದಿಟ್ಟರೆ, ನಗು ಸಾಲದು ಅಂತ ಯಾರಾದರೂ ಒಬ್ಬರು ಅದನ್ನು ಸೇರಿಸಿಯೇ ಸೇರಿಸುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೋಪ ಇಳಿದಾಗ ಫೋನ್ ಮಾಡು.

ನಿನ್ನ ಅಪ್ಪ