ಶುಕ್ರವಾರದ ಸಂತೇಲಿ ಸಿಕ್ಕಿದ ಅಜ್ಜಿಗೆ

ಹೋದ ಶುಕ್ರವಾರ ಮಡಿಕೇರಿ ಸಂತೇಲಿ ಕಾಡು ನೇರಳೆ ಮಾರ್ತಿದ್ದ ಅಜ್ಜಿಗೆ ಈ ಥ್ಯಾಂಕ್ಸ್, ಹೆಸರು ಕೇಳೋದೇ ಮರೆತುಬಿಟ್ಟೆ. ಅತ್ತೆ ಊರಿಂದ ಬರೋರಿದ್ರು, ನೇರಳೆ ಹೂರಣದ ಕಡುಬು ಮಾಡ್ತೀನಿ ಅಂತ ಜಂಬ ಕೊಚ್ಚಿದ್ದೆ, ಹಿಂದಿನ ದಿನ ಟ್ರಯಲ್ ನೋಡಿದ್ರೆ ಎಲ್ಲಾ ಒಡೆದು ಇಡ್ಲಿ ಪಾತ್ರೆ ತುಂಬಾ ನೇರಳೆ ರಸ. ಮತ್ತೆ ಹಣ್ಣಿಗೆ ಅಂತ ಹೋದಾಗ ಅಜ್ಜಿ ಹತ್ರ ಹೇಳ್ಕೊಂಡೆ. ಮಳೆ ಬೇರೆ ಸುರೀತಿತ್ತು. ನನ್ನನ್ನ ಅವರ ಟಾರ್ಪಾಲಿನ ಕೆಳಗೆ ಎಳ್ಕೊಂಡು, "ಹಿಟ್ಟು ತಣ್ಣೀರಲ್ಲಿ ಕಲಸಿದ್ಯಾ ಮಗಾ?" ಅಂದ್ರು. ಹೌದು, ಅದೇ ಮಾಡಿದ್ದು! ಕುದಿಯೋ ನೀರಿಗೆ ಉಪ್ಪು, ಚೂರು ಎಣ್ಣೆ ಹಾಕಿ ಅಕ್ಕಿಹಿಟ್ಟು ಬೇಯಿಸಿ ಬಿಸಿ ಇರುವಾಗ್ಲೇ ನಾದಬೇಕಂತೆ, ಹಣ್ಣಿನ ಬೀಜ ತೆಗೆದು ಬೆಲ್ಲ ಕಾಯಿತುರಿ ಜೊತೆ ತಳ ಬಿಡೋವರೆಗೂ ಮಗುಚಬೇಕಂತೆ. ಬಣ್ಣ ಹತ್ತಿದ ಬೆರಳಲ್ಲೇ ಒಂದು ಎಲೆ ಮಡಚಿ, ಅಂಚು ಒತ್ತೋದು ಹೇಗೆ ಅಂತ ಎರಡು ಸಲ ತೋರಿಸಿದ್ರು. ಮೇಲೆ ಒಂದು ಹಿಡಿ ಹಣ್ಣು ಜಾಸ್ತಿ ಹಾಕಿದ್ರು, ಅದಕ್ಕೆ ದುಡ್ಡು ಕೊಡೋಕೆ ಹೋದ್ರೆ ಕೈ ತಳ್ಳಿದ್ರು.

ಶನಿವಾರ 12ರಲ್ಲಿ ಒಂದೇ ಒಡೆದದ್ದು, ಅದೂ ನನ್ನ ಅವಸರಕ್ಕೆ. ಅತ್ತೆ ಮೂರು ತಿಂದ್ರು, ನಾಲಿಗೆ ಪೂರ್ತಿ ನೇರಳೆ. ಅಜ್ಜಿ, ನೀವು ಮಡಚಿಕೊಟ್ಟ ಎಲೆ ಇನ್ನೂ ನನ್ನ ಬ್ಯಾಗಲ್ಲೇ ಇದೆ.