ಮುಂದಿನ ಭಾಗ ಯಾವಾಗ ಎಂದು ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನೀನು ಕೇಳಿದ್ದು ಎರಡು ಪ್ರಶ್ನೆ. ‘ಶ್ಯಾಡೋ ಆಫ್ ವಾರ್’ ವಿಡಿಯೊ ಆಟದ ಮುಂದಿನ ಭಾಗ ಯಾವಾಗ ಬರುತ್ತದೆ ಎಂಬುದು ಒಂದು. ಗೇಮ್ ಕಂಪನಿಗಳಲ್ಲಿ ಸಾವಿರಗಟ್ಟಲೆ ಜನರ ಕೆಲಸ ಹೋಗುತ್ತಿದೆಯಂತೆ, ಪಾಪ, ಅದು ಅವರ ಕಷ್ಟ, ಆಡುವ ನಮಗೆ ಅದರಿಂದ ಏನು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಮಾರಾಯ. ಆ ಆಟ ಮಾಡಿದ ಮೋನೊಲಿತ್ ಸ್ಟುಡಿಯೊ ಈಗ ಇಲ್ಲ. 1994ರಲ್ಲಿ ಶುರುವಾಗಿದ್ದ ಅದನ್ನು 2025ರ ಫೆಬ್ರವರಿಯಲ್ಲಿ ವಾರ್ನರ್ ಬ್ರದರ್ಸ್ ಮುಚ್ಚಿಬಿಟ್ಟಿತು. ಅದರ ಜೊತೆಗೆ ಇನ್ನೆರಡು ಸ್ಟುಡಿಯೊಗಳಿಗೂ ಬೀಗ ಬಿತ್ತು. ಮೋನೊಲಿತ್‌ನವರು ವರ್ಷಗಟ್ಟಲೆ ಮಾಡುತ್ತಿದ್ದ ವಂಡರ್ ವುಮನ್ ಆಟ ಅಲ್ಲಿಗೇ ನಿಂತಿತು.

ಆ ಆಟ ನಿನ್ನನ್ನು ಯಾಕೆ ಹಿಡಿದಿಟ್ಟಿತ್ತು, ನೆನಪು ಮಾಡಿಕೋ. ಯಾವನೋ ಹೆಸರಿಲ್ಲದ ಓರ್ಕ್, ಅಂದರೆ ರಾಕ್ಷಸ ಸೈನಿಕ ನಿನ್ನನ್ನು ಕೊಂದರೆ ಅವನಿಗೆ ಬಡ್ತಿ ಸಿಗುತ್ತಿತ್ತು, ಹೆಸರು, ಬಿರುದು ಎಲ್ಲ ಬರುತ್ತಿತ್ತು. ನೀನು ಮತ್ತೆ ಎದ್ದು ಬಂದರೆ ಗುರುತು ಹಿಡಿದು ಹಂಗಿಸುತ್ತಿದ್ದ. ಬೆಂಕಿಗೆ ಸಿಕ್ಕಿ ತಪ್ಪಿಸಿಕೊಂಡವನು ಸುಟ್ಟ ಮುಖ ಹೊತ್ತು ಸೇಡು ತೀರಿಸಲು ಬರುತ್ತಿದ್ದ. ನಿನ್ನ ವೈರಿ ನನ್ನ ಆಟದಲ್ಲಿ ಇರಲೇ ಇಲ್ಲ, ನನಗೆ ಗಂಟುಬಿದ್ದವನೇ ಬೇರೆ. ನೆಮೆಸಿಸ್ ಎಂಬ ಈ ವ್ಯವಸ್ಥೆ 2014ರಲ್ಲಿ ಬಂದದ್ದು. ಇಷ್ಟು ವರ್ಷವಾದರೂ ಅದನ್ನು ಮೀರಿಸಿದ ಇನ್ನೊಂದನ್ನು ನಾನು ಆಡಿಲ್ಲ. ಅದರ ಪೇಟೆಂಟ್ 2036ರವರೆಗೆ ವಾರ್ನರ್ ಕೈಯಲ್ಲಿದೆ. ಮಾಡಬಲ್ಲವರಿಗೆ ಹಕ್ಕಿಲ್ಲ, ಹಕ್ಕಿದ್ದವರ ಹತ್ತಿರ ಆ ತಂಡವಿಲ್ಲ. ನನ್ನ ಹೊಟ್ಟೆ ಉರಿಯುವುದು ಇದಕ್ಕೇ.

ಓಡದ ಆಟ ಮಾಡಿದವರನ್ನು ಮನೆಗೆ ಕಳಿಸುತ್ತಾರೆ, ಅದರಲ್ಲಿ ಆಶ್ಚರ್ಯವೇನು ಎಂದು ನೀನು ಹೇಳಬಹುದು. ಹಾಗಾದರೆ ‘ಹೈ-ಫೈ ರಶ್’ ಕತೆ ಕೇಳು. ಟೋಕಿಯೊದ ಟ್ಯಾಂಗೊ ಗೇಮ್‌ವರ್ಕ್ಸ್ ಮಾಡಿದ ಆಟ. 2023ರ ಜನವರಿಯಲ್ಲಿ, ಮುಂಚೆ ಒಂದು ಮಾತೂ ಹೇಳದೆ, ತೋರಿಸಿದ ದಿನವೇ ಬಿಡುಗಡೆ ಮಾಡಿದರು. ಅದರಲ್ಲಿ ಎಲ್ಲವೂ ತಾಳಕ್ಕೆ ನಡೆಯುತ್ತದೆ. ನಾಯಕನ ಹೆಜ್ಜೆ, ಶತ್ರುವಿನ ಏಟು, ಹಿಂದೆ ಕಾಣುವ ಯಂತ್ರಗಳು, ಗಿಡಗಳು, ಎಲ್ಲ. ನೀನು ಅಡ್ಡಾದಿಡ್ಡಿ ಬಟನ್ ಒತ್ತಿದರೂ ಏಟು ತಾಳಕ್ಕೇ ಬೀಳುವ ಹಾಗೆ ಮಾಡಿದ್ದಾರೆ. 2024ರ ಏಪ್ರಿಲ್‌ನಲ್ಲಿ ಅದಕ್ಕೆ ಅನಿಮೇಷನ್ನಿಗಾಗಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ತಿಂಗಳು ತುಂಬುವ ಮೊದಲೇ, ಮೇ 7ಕ್ಕೆ, ಟ್ಯಾಂಗೊ ಮುಚ್ಚುತ್ತೇವೆ ಎಂದು ಅದರ ಮಾಲೀಕ ಮೈಕ್ರೋಸಾಫ್ಟ್ ಹೇಳಿತು. ಆ ಆಗಸ್ಟ್‌ನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಟ್ಯಾಂಗೊವನ್ನೂ ಆಟದ ಹಕ್ಕನ್ನೂ ಕೊಂಡು ಉಳಿಸಿಕೊಂಡಿತು. ಅಂಥ ಅದೃಷ್ಟ ಎಲ್ಲರಿಗೂ ಇರುವುದಿಲ್ಲ.

ತಂಡ ಒಡೆದರೆ ಏನು ಹೋಗುತ್ತದೆ ಎಂಬುದನ್ನು ನಮ್ಮ ಕಡೆಯ ಯಕ್ಷಗಾನ ಮೇಳಗಳನ್ನು ನೋಡಿದವನಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಭಾಗವತರ ಒಂದು ಸೂಚನೆಗೆ ಮದ್ದಳೆಯವರು ಏನು ಮಾಡುತ್ತಾರೆ, ಎದುರು ವೇಷ ಅರ್ಥವನ್ನು ಎಲ್ಲಿಗೆ ಎಳೆಯುತ್ತದೆ ಎಂಬುದು ವರ್ಷಾನುಗಟ್ಟಲೆ ಜೊತೆಗೆ ತಿರುಗಾಟ ಮಾಡಿದವರಿಗೆ ಮಾತ್ರ ಗೊತ್ತು. ಮೇಳ ಒಡೆದ ಮೇಲೂ ಪ್ರಸಂಗದ ಪುಸ್ತಕ ಕಪಾಟಿನಲ್ಲಿ ಇರುತ್ತದೆ. ಆಟದ ಹೆಸರು, ಪಾತ್ರಗಳ ಹಕ್ಕು ಕಂಪನಿಯಲ್ಲಿ ಉಳಿಯುವುದೂ ಹಾಗೆಯೇ.

ಟ್ಯಾಂಗೊ ಜೊತೆ ಅದೇ ದಿನ ಆರ್ಕೇನ್‌ನ ಆಸ್ಟಿನ್ ಸ್ಟುಡಿಯೊಗೂ ಮುಚ್ಚುವ ಆದೇಶ ಬಂತು. ಅವರ ‘ರೆಡ್‌ಫಾಲ್’ ನಿಜವಾಗಿಯೂ ಸೋತ ಆಟ, ನಾನೂ ಅದನ್ನು ಸಮರ್ಥಿಸುವುದಿಲ್ಲ. ಒಬ್ಬನೇ ಆಡುವಾಗಲೂ ನೆಟ್ ಬೇಕಿತ್ತು, ಆಟವನ್ನು ನಡುವೆ ನಿಲ್ಲಿಸಿ ಎದ್ದು ಹೋಗುವ ಅವಕಾಶವೂ ಇರಲಿಲ್ಲ. ಬೆಲೆ ಹೆಚ್ಚಿನ ಆವೃತ್ತಿ ಕೊಂಡವರಿಗೆ ಮುಂದೆ ಕೊಡುತ್ತೇವೆ ಎಂದಿದ್ದ ಎರಡು ಪಾತ್ರಗಳು ಬರಲೇ ಇಲ್ಲ. ಆದರೆ ಮೇ ತಿಂಗಳ ಕೊನೆಗೆ ಕಡೆಯ ಅಪ್‌ಡೇಟ್ ಬಂತು. ಅದರಲ್ಲಿ ನೆಟ್ ಇಲ್ಲದೆ ಆಡುವ ಸೌಲಭ್ಯವೂ ಇತ್ತು, ನಡುವೆ ನಿಲ್ಲಿಸುವ ಅವಕಾಶವೂ ಇತ್ತು. ಕೆಲಸ ಹೋಗುತ್ತದೆ ಎಂದು ಗೊತ್ತಾದ ಮೇಲೆ ಬಂದ ಅಪ್‌ಡೇಟ್ ಅದು. ಆ ಆಟವನ್ನು ನೆಟ್ ಇಲ್ಲದೆ ಆಡಲು ಬರುವುದು ಅದರಿಂದ. ಕೆಲಸದವರಿಗೂ ಆಡುವವರಿಗೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಇದೆಲ್ಲ ಯಾಕಾಯಿತು ಎಂದರೆ, ಕೊರೊನಾ ಕಾಲದಲ್ಲಿ ಜನ ಮನೆಯಲ್ಲಿ ಕೂತು ಆಡಿದರು, ಸಾಲವೂ ಅಗ್ಗವಾಗಿತ್ತು. ಕಂಪನಿಗಳು ಸಿಕ್ಕಸಿಕ್ಕ ಸ್ಟುಡಿಯೊಗಳನ್ನು ಕೊಂಡವು. ಜನ ಹೊರಗೆ ಬಂದರು, ಬಡ್ಡಿ ಏರಿತು. ಒಂದೊಂದು ದೊಡ್ಡ ಆಟದ ಖರ್ಚು 20 ಕೋಟಿ ಡಾಲರ್ ದಾಟಿತು. ಸ್ವೀಡನ್ನಿನ ಎಂಬ್ರೇಸರ್ ಎಂಬ ಗೇಮ್ ಕಂಪನಿ ಡಜನ್‌ಗಟ್ಟಲೆ ಸ್ಟುಡಿಯೊ ಕೊಂಡಿತ್ತು. 2023ರ ಮೇ ತಿಂಗಳಲ್ಲಿ ಅದರ 200 ಕೋಟಿ ಡಾಲರಿನ ಒಂದು ಒಪ್ಪಂದ ಮುರಿದುಬಿತ್ತು, ಆಗಸ್ಟ್ ಕೊನೆಗೆ ಅದರ ಕೈಯಲ್ಲಿದ್ದ 30 ವರ್ಷ ಹಳೆಯ ವೊಲಿಷನ್ ಸ್ಟುಡಿಯೊ ಮುಚ್ಚಿತು. ಮೈಕ್ರೋಸಾಫ್ಟ್ 6,870 ಕೋಟಿ ಡಾಲರ್ ಕೊಟ್ಟು ಆಕ್ಟಿವಿಷನ್ ಬ್ಲಿಝಾರ್ಡ್ ಎಂಬ ಗೇಮ್ ಕಂಪನಿಯನ್ನು ಕೊಂಡದ್ದು 2023ರ ಅಕ್ಟೋಬರ್‌ನಲ್ಲಿ. ಮರು ಜನವರಿಯಲ್ಲೇ ಗೇಮ್ ವಿಭಾಗದ 1,900 ಜನರನ್ನು ತೆಗೆದರು. ಕೊಳ್ಳುವ ನಿರ್ಧಾರ ಮಾಡಿದವರು ಬೇರೆ, ಮನೆಗೆ ಹೋದವರು ಬೇರೆ. ಇದು ಅನ್ಯಾಯ.

ಇದು ಬರೀ ಹೊರದೇಶದ ಸುದ್ದಿಯಲ್ಲ. ಬೆಂಗಳೂರಿನಲ್ಲಿ 1997ರಿಂದಲೇ ಧ್ರುವ ಇಂಟರಾಕ್ಟಿವ್ ಇತ್ತು, ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುತ್ತಿತ್ತು. 2019ರಲ್ಲಿ ರಾಕ್‌ಸ್ಟಾರ್ ಎಂಬ ಹೊರದೇಶದ ಗೇಮ್ ಕಂಪನಿ ಅದನ್ನು ಕೊಂಡಿತು. ಅದೇ ಊರಿನ ಟೆಕ್ನಿಕಲರ್ ಸ್ಟುಡಿಯೊದಲ್ಲೂ ಸಿನಿಮಾ ಗ್ರಾಫಿಕ್ಸ್ ಜೊತೆಗೆ ಗೇಮ್ ಕೆಲಸ ನಡೆಯುತ್ತಿತ್ತು. 2025ರ ಫೆಬ್ರವರಿಯಲ್ಲಿ ಮೂಲ ಕಂಪನಿ ಕುಸಿದಾಗ ಅದೂ ಮುಚ್ಚಿತು. ನಾವು ಆಡುವಾಗ ಕಾಣುವ ಗೋಡೆ, ಕಾರು, ಮರಗಳಲ್ಲಿ ನಮ್ಮವರ ಕೈಕೆಲಸವೂ ಇದೆ.

ಈಗ ನಿನಗೆ ಎರಡು ಮಾತು. ಮುಂದೆ ಬರುತ್ತದೆ ಎಂಬ ಭರವಸೆಗೆ ಮೊದಲೇ ದುಡ್ಡು ಕೊಡಬೇಡ, ಇವತ್ತು ಆಡಲು ಸಿಗುವುದಕ್ಕೆ ಮಾತ್ರ ಕೊಡು. ಕೊಳ್ಳುವ ಮುಂಚೆ ನೆಟ್ ಇಲ್ಲದೆ ಆಡಬಹುದೋ ನೋಡು. ಯೂಬಿಸಾಫ್ಟ್‌ನವರು 2024ರ ಮಾರ್ಚ್ 31ಕ್ಕೆ ‘ದಿ ಕ್ರೂ’ ಆಟದ ಸರ್ವರ್ ನಿಲ್ಲಿಸಿದಾಗ, ಡಿಸ್ಕ್ ಕೊಂಡವರಿಗೂ ಆಡಲು ಏನೂ ಉಳಿಯಲಿಲ್ಲ. ‘ಹೈ-ಫೈ ರಶ್’ ಪ್ಲೇಸ್ಟೇಷನ್ 5ರಲ್ಲೂ ಇದೆ, ತಗೋ. ಒಂದು ವಾರಾಂತ್ಯ ಬಿಡುವು ಮಾಡಿಕೊಂಡು ಆಡು, ಹೆಡ್‌ಫೋನ್ ಹಾಕಿಕೊಂಡೇ ಆಡು. ಹೇಗಿತ್ತು ಎಂದು ಬರಿ.

ನಿನ್ನ
ಗೆಳೆಯ