ಗ್ಲಾಸ್ಗೋದಿಂದ ಅಪ್ಪಾಜಿಯವರಿಗೆ

ಗ್ಲಾಸ್ಗೋ
ಜೂನ್ 14

ತೀರ್ಥರೂಪ ಅಪ್ಪಾಜಿಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಅವ್ವನ ಮೊಣಕಾಲು ನೋವು ಕಡಿಮೆಯಾಗಿರುವುದನ್ನು ಕೇಳಿ ಸಮಾಧಾನವಾಯಿತು. ಮೊನ್ನೆ ಫೋನಿನಲ್ಲಿ ಅರ್ಧಕ್ಕೇ ನಿಂತ ಎಂಜಿನ್ನಿನ ಸಂಗತಿಯನ್ನು ಈ ಪತ್ರದಲ್ಲಿ ಪೂರ್ತಿಯಾಗಿ ತಿಳಿಸುತ್ತಿದ್ದೇನೆ.

ಗ್ಯಾರೇಜಿನ ಹಳೆಯ ಚಿಕ್ಕ ಲೇಥಿನ ಮೇಲೆ ನಾನು ಮಾಡಿದ್ದು ಸ್ಟರ್ಲಿಂಗ್ ಎಂಜಿನ್. 1816ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ರಾಬರ್ಟ್ ಸ್ಟರ್ಲಿಂಗ್ ಈ ಸ್ಕಾಟ್ಲೆಂಡಿನವರೇ, ವೃತ್ತಿಯಿಂದ ಪಾದ್ರಿ. ಇದಕ್ಕೆ ಉಗಿಯೂ ಬೇಡ, ಪೆಟ್ರೋಲೂ ಬೇಡ, ವಾಲ್ವೂ ಬೇಡ. ಒಳಗೆ ಮುಚ್ಚಿಟ್ಟ ಗಾಳಿಯನ್ನು, ಗೋಡೆಗೆ ತಾಗದಂತೆ ಚಲಿಸುವ ಡಿಸ್ಪ್ಲೇಸರ್ ಎಂಬ ಹಗುರ ಡಬ್ಬಿಯೊಂದು ಬಿಸಿ ತುದಿಗೂ ತಣ್ಣನೆಯ ತುದಿಗೂ ಓಡಾಡಿಸುತ್ತದೆ; ಕಾಯ್ದಾಗ ಹಿಗ್ಗುವ, ಆರಿದಾಗ ಕುಗ್ಗುವ ಆ ಗಾಳಿಯೇ ಪಿಸ್ಟನ್ನನ್ನು ನಡೆಸುತ್ತದೆ. ಡಿಸ್ಪ್ಲೇಸರ್ ಪಿಸ್ಟನ್ನಿಗಿಂತ 90 ಡಿಗ್ರಿ, ಅಂದರೆ ಕಾಲು ಸುತ್ತು, ಮುಂದಿರಬೇಕು. ಒತ್ತಡ ಬಹಳ ಕಡಿಮೆಯಾದ್ದರಿಂದ, ಪಿಸ್ಟನ್ನಿಗೆ ಸಂದು ಮುಚ್ಚುವ ರಿಂಗ್ ಹಾಕಿದರೆ ಇದ್ದ ಶಕ್ತಿಯೆಲ್ಲ ಅದರ ತಿಕ್ಕಾಟಕ್ಕೇ ಹೋಗುತ್ತದೆ. ರಿಂಗಿಲ್ಲದೆಯೂ ಗಾಳಿ ಸೋರಬಾರದು.

ನಾನು ಕೆಟ್ಟದ್ದು ಇಲ್ಲಿಯೇ. 16 ಮಿಲಿಮೀಟರ್ ಒಳವ್ಯಾಸದ ಸಿಲಿಂಡರನ್ನು ಮೊದಲು ಹೊರಗಿನಿಂದ ತೆಳ್ಳಗೆ ಟರ್ನ್ ಮಾಡಿ, ಆಮೇಲೆ ಮೂರು ಜಾಗಳಿಂದ, ಅಂದರೆ ಮೂರು ಹಿಡಿಹಲ್ಲುಗಳಿಂದ, ಕೆಲಸದ ತುಂಡನ್ನು ಬಿಗಿಹಿಡಿಯುವ ಚಕ್ಕಿನಲ್ಲಿ ಬಿಗಿದು ಒಳತೂತನ್ನು ಬೋರ್ ಮಾಡಿದೆ. ಚಕ್ಕಿನಲ್ಲಿದ್ದಾಗ ದುಂಡಗಿದ್ದ ತೂತು, ಸಡಿಲಿಸಿದೊಡನೆ ಜಾ ಒತ್ತಿದ್ದ ಮೂರೂ ಕಡೆ ಉಬ್ಬಿತು. ವರ್ನಿಯರನ್ನು ಯಾವ ದಿಕ್ಕಿಗೆ ಹಿಡಿದರೂ ಒಂದೇ ಅಳತೆ! ಪ್ರತಿ ಉಬ್ಬಿನ ಎದುರಿಗೆ ತಗ್ಗೇ ಬರುವುದರಿಂದ ಎದುರುಬದುರು ಹಿಡಿದ ಅಳತೆಗೆ ಈ ದೋಷ ಸಿಗುವುದಿಲ್ಲ. ಪಿಸ್ಟನ್ ಹಾಕಿದಾಗಲೇ ತಿಳಿದದ್ದು. ಬೆಳಗಾವಿಯ ಉದ್ಯಮಬಾಗದ ಶೆಡ್ಡಿನಲ್ಲಿ ನಾನು ಚಕ್ಕಿನ ಚಾವಿ ತಿರುವುತ್ತಿದ್ದಾಗ, "ತೆಳು ಜಾಬಿನ ಕುತ್ತಿಗಿ ಹಿಚುಕಬ್ಯಾಡಲೇ" ಎಂದು ನೀವು ಗದರಿದ್ದು ಆಗ ನೆನಪಾಯಿತು.

ಎರಡನೆಯ ಸಲ ದಪ್ಪ ಬೀಡುಕಬ್ಬಿಣದ ತುಂಡಿನಲ್ಲಿಯೇ ಬೋರ್ ಮುಗಿಸಿ, ರೀಮರ್ ಹಾಕಿ ತೂತನ್ನು ನಯಗೊಳಿಸಿ, ಮ್ಯಾಂಡ್ರೆಲ್ ಎಂಬ ದಂಡಕ್ಕೆ ಏರಿಸಿ, ಹೊರಮೈಯನ್ನು ಕೊನೆಗೆ ತೆಗೆದೆ. ಪಿಸ್ಟನ್ನೂ ಬೀಡಿನದೇ, ಅದನ್ನು ಪಾಲಿಶ್ ಪೇಸ್ಟ್ ಸವರಿ ನುಣ್ಣಗೆ ಉಜ್ಜಿ ಲ್ಯಾಪ್ ಮಾಡಿದೆ. ಈಗ ಸಿಲಿಂಡರಿನ ಕೆಳಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಪಿಸ್ಟನ್ ಬಿಟ್ಟರೆ ಅದು ಗಾಳಿಯ ಮೇಲೆಯೇ ಕುಳಿತುಬಿಡುತ್ತದೆ. ಬೆರಳು ತೆಗೆದರೆ ತನ್ನ ಭಾರಕ್ಕೆ ಜಾರಿ ಅಂಗೈಗೆ ಬೀಳುತ್ತದೆ. ಇದನ್ನು ಎಷ್ಟು ಸಲ ಮಾಡಿ ನೋಡಿದೆನೆಂಬುದನ್ನು ನಿಮ್ಮ ಸೊಸೆಯನ್ನೇ ಕೇಳಬೇಕು.

ಆದರೂ ಎಂಜಿನ್ ಹತ್ತು ಸುತ್ತು ತಿರುಗಿ ನಿಂತಿತು. ರೂಢಿಯಂತೆ ಪಿಸ್ಟನ್ನಿಗೆ ಎಣ್ಣೆ ಬಿಟ್ಟಿದ್ದೆ. ಅದರ ಜಿಗುಟೇ ಈ ಬಡಪಾಯಿಗೆ ಭಾರವಾಗಿತ್ತು. ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ, ಬಿಸಿ ತುದಿಗೆ ದೀಪ ಹಚ್ಚಿ, ಒಂದು ನಿಮಿಷ ಕಾದು ಫ್ಲೈವೀಲಿಗೆ ಬೆರಳು ತಾಗಿಸಿದೆ. ಅವ್ವನ ಹೊಲಿಗೆ ಯಂತ್ರದಷ್ಟೂ ಸದ್ದಿಲ್ಲದೆ, ದೀಪ ಆರುವವರೆಗೆ ತಿರುಗಿತು.

ಅಲ್ಯೂಮಿನಿಯಂ ಫ್ಲೈವೀಲ್ ಹಗುರವಾಗಿ ಓಟ ತುಸು ಕುಂಟುತ್ತದೆ. ನಿಮಗೆ ಪರಿಚಯದ ಫೌಂಡ್ರಿಯಲ್ಲಿ 80 ಮಿಲಿಮೀಟರ್ ವ್ಯಾಸ, 15 ಮಿಲಿಮೀಟರ್ ದಪ್ಪದ ಬೀಡಿನ ಬಿಲ್ಲೆಯೊಂದನ್ನು, ಒಳಗೆ ಗುಳ್ಳೆಯಿಲ್ಲದಂತೆ, ಎರಕ ಹಾಕಿಸಿಡಿರಿ. ಗಣೇಶ ಚೌತಿಗೆ ಬಂದಾಗ ಒಯ್ಯುತ್ತೇನೆ. ಬೋರ್ ಮಾತ್ರ ಮಾಡಿಸಬೇಡಿರಿ. ಅದನ್ನು ನಿಮ್ಮ ಲೇಥಿನ ಮೇಲೆ, ನಿಮ್ಮೆದುರಿಗೇ ಮಾಡುತ್ತೇನೆ.

ಅವ್ವನಿಗೆ ನನ್ನ ನಮಸ್ಕಾರ ತಿಳಿಸಿರಿ.

ಇತಿ ನಿಮ್ಮ ಮಗ